ನಮ್ಮ ತಂಡ ಗೆಲ್ಲಲಿ ಎಂದು ದೇವರನ್ನು ಕೇಳಬಹುದೇ?

ಮರ್ಸಿ ದಂಡೆಯವನು:

ಈ ಪ್ರಶ್ನೆಯನ್ನು ಇಲ್ಲಿ ಇಡಲು ನನಗೆ ಐದು ತಿಂಗಳು ಹಿಡಿಯಿತು, ಏಕೆಂದರೆ ಓದಿದವರು ಮೊದಲು ನಗುತ್ತಾರೆಂದು ಗೊತ್ತಿತ್ತು. ನಗಬಹುದು, ಆದರೆ ನಕ್ಕ ಮೇಲೆ ಉತ್ತರಿಸಿ.

2025ರ ಫೆಬ್ರವರಿ 12, ಬುಧವಾರ ರಾತ್ರಿ. ಮರ್ಸಿ ನದಿಯ ದಂಡೆಯ ಲಿವರ್‌ಪೂಲಿನಲ್ಲಿರುವ ನಾವು ಏಳೆಂಟು ಕುಟುಂಬಗಳು ಬುಧವಾರಗಳಂದು ಯಾರಾದರೊಬ್ಬರ ಮನೆಯಲ್ಲಿ ಸೇರಿ ವೇದಪಾಠ ಓದುತ್ತೇವೆ. ಅಂದಿನ ಪಾಠ ಲೂಕನ ಸುವಾರ್ತೆಯ 18ನೆಯ ಅಧ್ಯಾಯದ ಫರಿಸಾಯ ಮತ್ತು ಸುಂಕದವನ ಸಾಮ್ಯ, ತಾನು ಇತರರಂತಲ್ಲ ಎಂದು ದೇವರಿಗೆ ಸ್ತೋತ್ರ ಹೇಳಿದ ಫರಿಸಾಯನ ಕಥೆ. ಪಾಠ ಮುಗಿದು, ಮರುದಿನ ಶಸ್ತ್ರಚಿಕಿತ್ಸೆಗೆ ಹೋಗಲಿದ್ದ ಸಹೋದರಿಯೊಬ್ಬರಿಗಾಗಿ ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದಾಗ ನನ್ನ ಜೇಬಿನಲ್ಲಿ ಫೋನು ನಡುಗಿತು. ಈ ಊರಿನ ಎರಡು ಕಾಲ್ಚೆಂಡಿನ ತಂಡಗಳಾದ ಎವರ್ಟನ್ ಮತ್ತು ಲಿವರ್‌ಪೂಲ್ ನಡುವೆ, ಎವರ್ಟನ್ನಿನ ಮೈದಾನ ಗುಡಿಸನ್ ಪಾರ್ಕಿನಲ್ಲಿ ನಡೆಯುತ್ತಿದ್ದ ಪಂದ್ಯದ 98ನೆಯ ನಿಮಿಷದಲ್ಲಿ ನಮ್ಮ ಎವರ್ಟನ್ನಿನ ಟಾರ್ಕೋವ್‌ಸ್ಕಿ ಗೋಲು ಹೊಡೆದು 2–2 ಸಮ ಮಾಡಿದ್ದ. ಕಣ್ಣಂಚಿನಲ್ಲಿ ಅದನ್ನು ಕಂಡವನೇ ನಾನು "ಸ್ತೋತ್ರ!" ಎಂದು ಕೂಗಿಬಿಟ್ಟೆ. ಪ್ರಾರ್ಥನೆ ನಡೆಸುತ್ತಿದ್ದ ಹಿರಿಯರು ಅದನ್ನು ತಮ್ಮ ಮಾತಿಗೆ ಒದಗಿದ ಒತ್ತಾಸೆಯೆಂದು ತಿಳಿದು ಇನ್ನೂ ಎರಡು ನಿಮಿಷ ಉತ್ಸಾಹದಿಂದ ಪ್ರಾರ್ಥಿಸಿದರು. ಆ ಎರಡು ನಿಮಿಷ ನಾನು ತಲೆ ಎತ್ತಲಿಲ್ಲ.

ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು, ಸಹೋದರಿ ಗುಣವಾದರು, ಆದ್ದರಿಂದ ಈ ಕಥೆಯನ್ನು ಅವರೇ ಈಗ ಎಲ್ಲರಿಗೂ ಹೇಳುತ್ತಾರೆ. ನನ್ನ ತೊಂದರೆ ಬೇರೆ. ಹೃದಯದ ತಳದಿಂದ, ಯೋಚಿಸದೆ, ತಾನಾಗಿ ಹೊರಟ ಸ್ತೋತ್ರ ಹಲವು ವರ್ಷಗಳಲ್ಲಿ ಅದೊಂದೇ ಎಂದು ಅಂದು ಮನೆಗೆ ನಡೆಯುವಾಗ ತೋರಿತು.

ಉಡುಪಿಯ ಬಾಸೆಲ್ ಮಿಷನ್ ಹಿನ್ನೆಲೆಯ ಮನೆಯಲ್ಲಿ ಬೆಳೆದ ನಾನು ಎವರ್ಟನ್ನಿಗೆ ಹೇಗೆ ಸಿಕ್ಕಿಬಿದ್ದೆ ಎಂಬುದನ್ನೂ ಹೇಳಬೇಕು. ದಾದಿಯ ಕೆಲಸಕ್ಕೆ ಈ ಊರಿಗೆ ಬಂದಾಗ ವಾಲ್ಟನ್ ಬಡಾವಣೆಯಲ್ಲಿ ಕೋಣೆ ಸಿಕ್ಕಿತು. ಪಕ್ಕದ ಮನೆಯ ಮುದುಕರ ತಂದೆಯ ಬೂದಿಯನ್ನು ಗುಡಿಸನ್ ಪಾರ್ಕಿನ ಹುಲ್ಲಿನ ಅಂಚಿನಲ್ಲಿ ಹೂಳಲಾಗಿತ್ತು. ಹೀಗೆ 800ಕ್ಕೂ ಹೆಚ್ಚು ಅಭಿಮಾನಿಗಳ ಬೂದಿ ಆ ಮೈದಾನದ ಸುತ್ತ ಇದೆ. ಜಾಗ ಸಾಲದೆ 2004ರಿಂದ ಹೊಸ ಕೋರಿಕೆಗಳನ್ನು ಕ್ಲಬ್ಬು ಒಪ್ಪಿಕೊಳ್ಳುತ್ತಿಲ್ಲ. ಮುದುಕರು ನನ್ನನ್ನು ಮೊದಲ ಸಲ ಪಂದ್ಯಕ್ಕೆ ಕರೆದೊಯ್ದಾಗ ಮೈದಾನದ ಮೂಲೆಯಲ್ಲಿ, ಎರಡು ಸ್ಟ್ಯಾಂಡುಗಳ ನಡುವೆ ಸಿಕ್ಕಿಕೊಂಡಂತೆ ನಿಂತಿದ್ದ ಸೇಂಟ್ ಲೂಕ್ಸ್ ದೇವಾಲಯವನ್ನು ತೋರಿಸಿ, ಆರಾಧನೆಗೆ ಅಡ್ಡಿಯಾಗದಿರಲೆಂದು ಭಾನುವಾರ ಇಲ್ಲಿ ಬೇಗ ಆಟ ಆರಂಭಿಸುವ ರೂಢಿಯಿಲ್ಲ ಎಂದರು. ದೂರದ ಊರಿನಲ್ಲಿ ಒಬ್ಬನೇ ಇದ್ದ ನನಗೆ ಅಷ್ಟೇ ಸಾಕಾಯಿತು.

ಆಮೇಲೆ ತಿಳಿಯಿತು, ಈ ತಂಡ ಹುಟ್ಟಿದ್ದೇ ಒಂದು ಸಭೆಯಿಂದ. 1878ರಲ್ಲಿ ಸೇಂಟ್ ಡೊಮಿಂಗೊ ಎಂಬ ಮೆಥಡಿಸ್ಟ್ ಪ್ರಾರ್ಥನಾಲಯದ ಹುಡುಗರು, ಚಳಿಗಾಲದಲ್ಲಿ ಕ್ರಿಕೆಟ್ ಆಡಲಾಗದೆ ಕಾಲ್ಚೆಂಡಿನ ತಂಡ ಕಟ್ಟಿದರು. ಆಗ ಅಲ್ಲಿ ಸಭಾಪಾಲಕರಾಗಿದ್ದವರು ಬೆನ್ ಸ್ವಿಫ್ಟ್ ಚೇಂಬರ್ಸ್. ಹೊರಗಿನ ಹುಡುಗರೂ ಸೇರಿಕೊಂಡದ್ದರಿಂದ 1879ರಲ್ಲಿ ಹೆಸರು ಎವರ್ಟನ್ ಎಂದಾಯಿತು. 1884ರಿಂದ ಅವರು ಆಡುತ್ತಿದ್ದದ್ದು ಆನ್‌ಫೀಲ್ಡಿನಲ್ಲಿ. ಅಲ್ಲಿನ ಯಜಮಾನ ಜಾನ್ ಹೌಲ್ಡಿಂಗ್ ಬಿಯರ್ ತಯಾರಿಸುವವನು. ಜಗಳದ ಮೂಲ ಬಾಡಿಗೆಯೇ ಆದರೂ, ಮದ್ಯನಿಷೇಧದ ಕಡೆ ಒಲವಿದ್ದ ಮೆಥಡಿಸ್ಟರಿಗೆ ಅವನ ಕಸುಬೂ ಹಿಡಿಸಿರಲಿಲ್ಲ. 1892ರಲ್ಲಿ ಅವರನ್ನು ಸ್ಟಾನ್ಲಿ ಪಾರ್ಕಿನ ಆಚೆ ಬದಿಯ ಗುಡಿಸನ್ ರಸ್ತೆಗೆ ನಡೆಸಿಕೊಂಡು ಹೋದ ಜಾರ್ಜ್ ಮೇಹನ್, ಅದೇ ಪ್ರಾರ್ಥನಾಲಯದಲ್ಲಿ ಆರ್ಗನ್ ನುಡಿಸುತ್ತಿದ್ದವರು. ಖಾಲಿಯಾದ ಆನ್‌ಫೀಲ್ಡಿಗಾಗಿ ಹೌಲ್ಡಿಂಗ್ ಕಟ್ಟಿಕೊಂಡ ಹೊಸ ತಂಡವೇ ಲಿವರ್‌ಪೂಲ್.

ಈಗ ನಿಜವಾದ ತಪ್ಪೊಪ್ಪಿಗೆ. 2022ರ ಮೇ 19ರಂದು ಕ್ರಿಸ್ಟಲ್ ಪ್ಯಾಲೇಸ್ ವಿರುದ್ಧ ಅರ್ಧ ಆಟ ಮುಗಿದಾಗ ನಾವು 0–2 ಹಿಂದಿದ್ದೆವು. ಕೆಳದರ್ಜೆಗೆ ಇಳಿಯುವ ಭಯ ಕುತ್ತಿಗೆಗೆ ಬಂದಿತ್ತು. ನಾನು ಅಡುಗೆಮನೆಗೆ ಹೋಗಿ, ಗೆಲ್ಲಿಸಿದರೆ ವರ್ಷವಿಡೀ ಒಂದು ಭಾನುವಾರವೂ ಆರಾಧನೆ ತಪ್ಪಿಸುವುದಿಲ್ಲ ಎಂದು ಹರಕೆ ಹೊತ್ತೆ. ಹರಕೆ ಎಂಬ ಪದವನ್ನೇ ನನ್ನ ಅಜ್ಜಿ ನಮ್ಮ ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಕೃಪೆಗೆ ಬೆಲೆಚೀಟಿ ಇಲ್ಲ ಎನ್ನುತ್ತಿದ್ದರು. 54ನೆಯ ನಿಮಿಷಕ್ಕೆ ಒಂದು, 75ಕ್ಕೆ ಇನ್ನೊಂದು, 85ಕ್ಕೆ ಕ್ಯಾಲ್ವರ್ಟ್ ಲೂಯಿನ್ ತಲೆಯಿಂದ ಮೂರನೆಯದು. ಉಳಿದುಕೊಂಡೆವು. ನನ್ನ ಹರಕೆ ನಾಲ್ಕನೆಯ ಭಾನುವಾರಕ್ಕೆ ಮುರಿಯಿತು.

ಆದ್ದರಿಂದ ಕೇಳುತ್ತೇನೆ: ತಂಡಕ್ಕಾಗಿ ಪ್ರಾರ್ಥಿಸುವುದು ಸರಿಯೇ? ಸರಿಯಲ್ಲದಿದ್ದರೆ, ತಾನಾಗಿ ಬರುವ ಪ್ರಾರ್ಥನೆಯನ್ನು ತಡೆಯುವುದು ಹೇಗೆ?

ಆಸ್ಟಿನ್ ಟೌನಿನ ಹುಡುಗ:

ಅಣ್ಣಾ, ನೀವು ಕೂಗಿದ್ದು ಮನೆಯ ಕೂಟದಲ್ಲಿ. ನಾನು ಶಿಲುಬೆಯ ಹಾದಿಯನ್ನೇ, ಅಂದರೆ ಯೇಸುವಿನ ಕೊನೆಯ ನಡಿಗೆಯ 14 ಸ್ಥಳಗಳನ್ನು ನೆನೆದು ಮಾಡುವ ಪ್ರಾರ್ಥನೆಯನ್ನೇ, ಅರ್ಧಕ್ಕೆ ಬಿಟ್ಟು ಓಡಿದವನು, ಹೀಗಾಗಿ ನಿಮ್ಮನ್ನು ತೀರ್ಪು ಮಾಡುವ ಹಕ್ಕು ನನಗಿಲ್ಲ.

2023ರ ಮಾರ್ಚ್ 3, ತಪಸ್ಸಿನ ಕಾಲದ ಶುಕ್ರವಾರ. ಕಂಠೀರವದಲ್ಲಿ ಬೆಂಗಳೂರು ಎಫ್‌ಸಿಗೂ ಕೇರಳ ಬ್ಲಾಸ್ಟರ್ಸಿಗೂ ನಾಕೌಟ್ ಪಂದ್ಯ. ಸಂಜೆ ದೇವಾಲಯದಲ್ಲಿ ಏಳನೆಯ ಸ್ಥಳದವರೆಗೆ, ಅಂದರೆ ಸ್ವಾಮಿ ಎರಡನೆಯ ಬಾರಿ ಬೀಳುವವರೆಗೆ ನಿಂತಿದ್ದೆ. ಅಲ್ಲಿಂದ ಪಕ್ಕದ ಬಾಗಿಲಲ್ಲಿ ಹೊರಬಿದ್ದು ಆಟೋ ಹಿಡಿದೆ. ನನ್ನ ಅಮ್ಮ ಉಳಿದ ಏಳು ಸ್ಥಳಗಳಲ್ಲಿ ನನಗಾಗಿಯೂ ಮೊಣಕಾಲೂರಿದರಂತೆ. 90 ನಿಮಿಷ ಯಾರೂ ಗೋಲು ಹೊಡೆಯಲಿಲ್ಲ. ಹೆಚ್ಚುವರಿ ಸಮಯದಲ್ಲಿ ನಮಗೆ ಫ್ರೀ ಕಿಕ್ ಸಿಕ್ಕಿತು. ಅವರು ಗೋಡೆ ಕಟ್ಟಿಕೊಳ್ಳುತ್ತಿರುವಾಗಲೇ, ಗೋಲ್‌ಕೀಪರ್ ಇನ್ನೂ ಕಂಬದ ಬಳಿ ನಿಂತು ಕೈ ತೋರಿಸುತ್ತಿರುವಾಗಲೇ, ಛೆಟ್ರಿ ಚೆಂಡನ್ನು ನಯವಾಗಿ ಒಳಗೆ ಹಾಕಿದರು. ರೆಫರಿ ಗೋಲು ಎಂದರು. ಬ್ಲಾಸ್ಟರ್ಸ್ ತಂಡ ಪ್ರತಿಭಟಿಸಿ ಮೈದಾನ ಬಿಟ್ಟು ಹೊರಟುಹೋಯಿತು, ಪಂದ್ಯ ನಮ್ಮದಾಯಿತು.

ಆ ರಾತ್ರಿ ನಾನು ಕುಣಿದೆ. ನಿಯಮದ ಪ್ರಕಾರ ಅದು ಗೋಲೇ ಎಂದು ಇವತ್ತಿಗೂ ವಾದಿಸಬಲ್ಲೆ. ಆದರೆ ಮಲಗುವಾಗ ಒಂದು ಮಾತು ಕಾಡಿತು: ಇದೇ ಗೋಲು ನಮ್ಮ ವಿರುದ್ಧ ಬಿದ್ದಿದ್ದರೆ ನಾನು ಇದೇ ನಿಯಮವನ್ನು ಎತ್ತಿಹಿಡಿಯುತ್ತಿದ್ದೆನೇ? ಖಂಡಿತ ಇಲ್ಲ. ಚೆನ್ನೈಯಿಂದಲೋ ಕೊಚ್ಚಿಯಿಂದಲೋ ಬಂದ ತಂಡ ಹಾಗೆ ಮಾಡಿದ್ದರೆ ಅದನ್ನು ಕಳ್ಳತನವೆಂದೇ ಕರೆಯುತ್ತಿದ್ದೆ. ನನ್ನ ನ್ಯಾಯಬುದ್ಧಿ ನಮ್ಮ ತಂಡದ ನೀಲಿ ಅಂಗಿ ತೊಟ್ಟಿದೆ ಎಂದು ಅಂದು ಗೊತ್ತಾಯಿತು. ಪಾಪನಿವೇದನೆಯಲ್ಲಿ ಶಿಲುಬೆಯ ಹಾದಿ ಬಿಟ್ಟದ್ದನ್ನು ಹೇಳಿದೆ, ಇದನ್ನು ಹೇಳಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ಅದೇ ಮಾರ್ಚ್ 18ರಂದು ಗೋವಾದ ಫೈನಲ್‌ನಲ್ಲಿ ಪೆನಾಲ್ಟಿಗಳಲ್ಲಿ ಸೋತೆವು. 2025ರ ಏಪ್ರಿಲ್ 12ರಂದು ಕೋಲ್ಕತ್ತದ ಫೈನಲ್‌ನಲ್ಲಿ ಮೊದಲು ಮುಂದಿದ್ದೂ ಮೋಹನ್ ಬಗಾನಿಗೆ ಹೆಚ್ಚುವರಿ ಸಮಯದಲ್ಲಿ 1–2 ಸೋತೆವು. ಮರುದಿನ ಬೆಳಿಗ್ಗೆ ಗರಿಗಳ ಭಾನುವಾರ, ಶುಕ್ರವಾರ ಶಿಲುಬೆಗೇರಿಸು ಎಂದು ಕೂಗಿದ ಜನ ಯೇಸುವಿಗೆ ಜೈಕಾರ ಹಾಕಿದ ದಿನ. ಗರಿ ಹಿಡಿದು "ಹೊಸಾನ್ನ" ಹಾಡುವಾಗ ನನ್ನ ಧ್ವನಿಯೇ ಏಳಲಿಲ್ಲ. ಪಕ್ಕದಲ್ಲಿದ್ದ ಅಮ್ಮ, "ಐದು ದಿನದಲ್ಲಿ ಈ ಜನರೆಲ್ಲ ತಂಡ ಬದಲಾಯಿಸುತ್ತಾರೆ, ನೀನಾದರೂ ಹಾಡು" ಎಂದರು.

ಧಾರವಾಡದ ಸಭಾಪಾಲಕ:

ತಾಯಿಯವರ ಮಾತನ್ನು ಈ ಬಾರಿಯ ಪ್ರಸಂಗಕ್ಕೆ ಕದಿಯುತ್ತೇನೆ, ಮೊದಲೇ ತಿಳಿಸಿದ್ದೇನೆ.

ಮೊದಲ ಪ್ರಶ್ನೆಗೆ ನನ್ನ ಉತ್ತರ ಸರಳ: ಕೇಳಬಹುದು. ಮಗು ತಂದೆಯನ್ನು ಏನು ಬೇಕಾದರೂ ಕೇಳುತ್ತದೆ, ಕೇಳುವ ಮೊದಲು ಅದು ಯೋಗ್ಯವಾದ ಬಯಕೆಯೇ ಎಂದು ಪಂಚಾಯಿತಿ ಕೂರಿಸುವುದಿಲ್ಲ. ಕೀರ್ತನೆಗಳನ್ನು ಓದಿದರೆ ಆ ಕವಿಗಳು ದೇವರ ಮುಂದೆ ಇಟ್ಟ ಬೇಡಿಕೆಗಳಲ್ಲಿ ಎಷ್ಟೋ ನಮಗೆ ಗಟ್ಟಿಯಾಗಿ ಓದಲೂ ನಾಚಿಕೆಯಾಗುವಂಥವು. ದೇವರಿಗೆ ಹೇಳದೆ ಒಳಗೇ ಇಟ್ಟುಕೊಂಡ ಬಯಕೆಗಿಂತ ಹೇಳಿಬಿಟ್ಟ ಬಯಕೆ ಆರೋಗ್ಯಕರ. ಪೌಲನು ಕೊರಿಂಥದವರಿಗೆ ಬರೆಯುವಾಗ ಓಟಗಾರರನ್ನೂ ಮುಷ್ಟಿಯುದ್ಧವನ್ನೂ ಉದಾಹರಣೆಗೆ ತಂದವನು. ಅವನಿಗೆ ಕ್ರೀಡಾಂಗಣದ ಗದ್ದಲ ಅಪರಿಚಿತವಾಗಿರಲಿಲ್ಲ.

ಆದರೆ "ಗೆಲ್ಲಿಸು" ಎನ್ನುವ ಪ್ರಾರ್ಥನೆಗೆ ಒಂದು ಬೆನ್ನಿದೆ. ಅದರ ಮೇಲೆ "ಅವರನ್ನು ಸೋಲಿಸು" ಎಂದು ಬರೆದಿರುತ್ತದೆ. ಈ ಕಾರಣಕ್ಕೆ ನನಗೆ ಅಭಿಮಾನಿಗಳ ವಿಷಯದಲ್ಲಿ ನೆನಪಾಗುವ ಪ್ರವಾದಿ ಯೋನ. ಮೀನಿನ ಹೊಟ್ಟೆಯ ಭಾಗವನ್ನು ಎಲ್ಲರೂ ನೆನಪಿಡುತ್ತಾರೆ, ನಾಲ್ಕನೆಯ ಅಧ್ಯಾಯವನ್ನು ಮರೆಯುತ್ತಾರೆ. ದೇವರು ಕ್ಷಮಿಸಿದ್ದರಿಂದ ಶತ್ರುಗಳ ಊರಾದ ನಿನೆವೆ ಉಳಿಯಿತು ಎಂದು ಅವನು ಸಿಟ್ಟಾಗುತ್ತಾನೆ. ಊರ ಹೊರಗೆ ಪೂರ್ವದಿಕ್ಕಿನಲ್ಲಿ ಗುಡಿಸಲು ಕಟ್ಟಿಕೊಂಡು, ಅದರ ನೆರಳಲ್ಲಿ ಕೂತು, ಎದುರಾಳಿ ಊರು ಇನ್ನಾದರೂ ಹಾಳಾದೀತೇ ಎಂದು ಕಾಯುತ್ತಾನೆ. ತನ್ನ ತಂಡದ ಆಟ ಮುಗಿದ ಮೇಲೂ ಇನ್ನೊಬ್ಬರ ಸೋಲನ್ನು ನೋಡಲು ಟಿವಿ ಮುಂದೆ ಕೂರುವವನನ್ನು ಇದಕ್ಕಿಂತ ಚೆನ್ನಾಗಿ ಚಿತ್ರಿಸಲಾಗದು. ಆ ಪುಸ್ತಕ ಮುಗಿಯುವುದು ದೇವರು ಕೇಳುವ ಒಂದು ಪ್ರಶ್ನೆಯಿಂದ. ಯೋನ ಉತ್ತರಿಸಿದನೋ ಇಲ್ಲವೋ ಬರೆದಿಲ್ಲ.

ಹರಕೆಯ ಬಗ್ಗೆ ನಿಮ್ಮ ಅಜ್ಜಿ ಹೇಳಿದ್ದು ಸರಿ. ಆದರೂ ಮುರಿದ ಹರಕೆಗೆ ಅಂಜಬೇಡಿ, ಆ ಗೋಲುಗಳಿಗೂ ಅದಕ್ಕೂ ಸಂಬಂಧವಿರಲಿಲ್ಲ.

ಬೆಂದೂರಿನ ಕೆಂಪಂಗಿ:

ಮರ್ಸಿ ದಂಡೆಯವರೇ, ಅಂದು 98ನೆಯ ನಿಮಿಷದಲ್ಲಿ ಮಂಗಳೂರಿನ ಒಂದು ಮನೆಯಲ್ಲಿ, ರಾತ್ರಿ ಮೂರು ಗಂಟೆಗೆ, ನಿಮ್ಮ ಸ್ತೋತ್ರಕ್ಕೆ ಎದುರಾಗಿ ಹೊರಟ ಪದವನ್ನು ನಾನು ಇಲ್ಲಿ ಬರೆಯಲಾರೆ. ಅಂದರೆ ದೇವರಿಗೆ ಒಂದೇ ಕ್ಷಣದಲ್ಲಿ ಎರಡು ಅರ್ಜಿ ಹೋಗಿದ್ದವು, ಅವರು ಎರಡಕ್ಕೂ ಒಂದೊಂದು ಅಂಕ ಕೊಟ್ಟು ಕಳಿಸಿದರು.

ಹೊರಗಿನವರು ಎವರ್ಟನ್ ಕಥೋಲಿಕರದು, ಲಿವರ್‌ಪೂಲ್ ಪ್ರೊಟೆಸ್ಟಂಟರದು ಎಂದು ಹೇಳುವುದುಂಟು. ನೀವೇ ಬರೆದಂತೆ ಎರಡೂ ಒಂದೇ ಮೆಥಡಿಸ್ಟ್ ಗೂಡಿನ ಮರಿಗಳು. ಸ್ಕಾಟ್ಲೆಂಡಿನ ಗ್ಲಾಸ್ಗೋದ ಮಾತು ಬೇರೆ. ಅಲ್ಲಿ ಮಾರಿಸ್ಟ್ ಸಭೆಯ ಬ್ರದರ್ ವಾಲ್‌ಫ್ರಿಡ್ 1887ರಲ್ಲಿ ಬಡ ಐರಿಷ್ ಮಕ್ಕಳ ಊಟಕ್ಕೆ ಹಣ ಕೂಡಿಸಲೆಂದು ಸೆಲ್ಟಿಕ್ ಕಟ್ಟಿದರು. ಅನ್ನಕ್ಕಾಗಿ ಹುಟ್ಟಿದ ತಂಡದ ಹೆಸರಿನಲ್ಲಿ, ಅದರ ಎದುರಾಳಿ ರೇಂಜರ್ಸಿನ ಹೆಸರಿನಲ್ಲಿ, ಆಮೇಲೆ ಕ್ರೈಸ್ತರೇ ಕ್ರೈಸ್ತರನ್ನು ನೂರು ವರ್ಷ ಬೈದರು. ಲಿವರ್‌ಪೂಲ್ ಊರಿನಲ್ಲಿ ಒಂದೇ ಮನೆಯೊಳಗೆ ಲಿವರ್‌ಪೂಲ್ ತಂಡದ ಕೆಂಪೂ ಎವರ್ಟನ್ನಿನ ನೀಲಿಯೂ ಇರುತ್ತವೆ.

ಈ ಮಾತಿಗೆ ನಾನು ಬಂದದ್ದು 1989ರ ಏಪ್ರಿಲ್ 15ಕ್ಕಾಗಿ. ಶೆಫೀಲ್ಡಿನ ಹಿಲ್ಸ್‌ಬರೊ ಮೈದಾನದ ನೂಕುನುಗ್ಗಲಿನಲ್ಲಿ ಲಿವರ್‌ಪೂಲಿನ 97 ಅಭಿಮಾನಿಗಳು ಸತ್ತರು. ಅದೇ ಮಧ್ಯಾಹ್ನ ಬರ್ಮಿಂಗ್‌ಹ್ಯಾಮಿನಲ್ಲಿ ಎವರ್ಟನ್ ತನ್ನ ಸೆಮಿಫೈನಲ್ ಗೆದ್ದಿತ್ತು. ಆ ಗೆಲುವನ್ನು ಯಾರೂ ಆಚರಿಸಲಿಲ್ಲ. ಮರುದಿನ ಸಂಜೆ ಮಹಾನಗರದ ಕಥೋಲಿಕ ಪ್ರಧಾನಾಲಯದಲ್ಲಿ ಸತ್ತವರಿಗಾಗಿ ಬಲಿಪೂಜೆ ನಡೆಯಿತು. ಆಮೇಲಿನ ದಿನಗಳಲ್ಲಿ ಎರಡು ಮೈದಾನಗಳ ನಡುವೆ, ಸ್ಟಾನ್ಲಿ ಪಾರ್ಕಿನ ಉದ್ದಕ್ಕೂ, ಕೆಂಪು ಮತ್ತು ನೀಲಿ ಶಾಲುಗಳನ್ನು ಒಂದಕ್ಕೊಂದು ಗಂಟು ಹಾಕಿ ಕಟ್ಟಿದರು. 1892ರಲ್ಲಿ ಜಗಳವಾಡಿಕೊಂಡು ನಡೆದ ಅದೇ ದಾರಿ. ಸತ್ತವರು ಅನ್ಯಾಯವಾಗಿ ಕೊಲ್ಲಲ್ಪಟ್ಟರು ಎಂದು ಮರಣ ವಿಚಾರಣೆಯ ಜ್ಯೂರಿ ಹೇಳಲು 2016ರವರೆಗೆ ಕಾಯಬೇಕಾಯಿತು. ಅಷ್ಟೂ ವರ್ಷ ಎವರ್ಟನ್ನಿನವರು ಆ ಕುಟುಂಬಗಳ ಜೊತೆ ನಿಂತರು. 2012ರ ಸೆಪ್ಟೆಂಬರಿನಲ್ಲಿ ಗುಡಿಸನ್ನಿನಲ್ಲಿ ಒಂದು ಹುಡುಗಿ ನೀಲಿ ಅಂಗಿಯಲ್ಲಿ 9, ಒಬ್ಬ ಹುಡುಗ ಕೆಂಪಂಗಿಯಲ್ಲಿ 6 ಎಂಬ ಅಂಕಿ ತೊಟ್ಟು ಕೈ ಕೈ ಹಿಡಿದು ನಿಂತ ದೃಶ್ಯವನ್ನು ನಾನು ನನ್ನ ಮಕ್ಕಳಿಗೆ ತೋರಿಸುತ್ತೇನೆ. ಆಗ ಸತ್ತವರ ಎಣಿಕೆ 96 ಆಗಿತ್ತು, ಅಂದಿನ ಗಾಯಗಳಿಂದಲೇ 97ನೆಯವರು ತೀರಿಕೊಂಡದ್ದು 2021ರಲ್ಲಿ.

ಇನ್ನೊಂದು ಮಾತು, ಹರಕೆಯ ಬಗ್ಗೆಯೇ. ತೀರಿಕೊಂಡ ಜಗದ್ಗುರು ಫ್ರಾನ್ಸಿಸರು ಬ್ಯೂನಸ್ ಐರಿಸ್‌ನ ಸಾನ್ ಲೊರೆಂಜೊ ತಂಡದ ಸದಸ್ಯರಾಗಿದ್ದರು. 1908ರಲ್ಲಿ ಅದನ್ನು ಬೀದಿಯಲ್ಲಿ ಆಡುವ ಹುಡುಗರಿಗಾಗಿ ಬೆಂಬಲಿಸಿ ಬೆಳೆಸಿದವರು ಲೊರೆಂಜೊ ಮಾಸ್ಸಾ ಎಂಬ ಸಲೇಶಿಯನ್ ಪಾದ್ರಿ. 1990ರ ಜುಲೈ 15ರಂದು ಫ್ರಾನ್ಸಿಸರು ಕಾರ್ಮೆಲ್ ಮಾತೆಗೆ ಇನ್ನು ಟಿವಿ ನೋಡುವುದಿಲ್ಲ ಎಂದು ಮಾತು ಕೊಟ್ಟರಂತೆ. ಆಮೇಲೆ ವ್ಯಾಟಿಕನ್ನಿನಲ್ಲಿ ಒಬ್ಬ ಸ್ವಿಸ್ ಕಾವಲುಗಾರ ಪ್ರತಿ ವಾರ ಅವರ ಮೇಜಿನ ಮೇಲೆ ಫಲಿತಾಂಶ ಬರೆದಿಟ್ಟು ಹೋಗುತ್ತಿದ್ದ. 2014ರಲ್ಲಿ ಸಾನ್ ಲೊರೆಂಜೊ ದಕ್ಷಿಣ ಅಮೆರಿಕದ ದೊಡ್ಡ ಕಪ್ಪನ್ನು ಮೊದಲ ಬಾರಿ ಗೆದ್ದಾಗಲೂ ಅವರು ನೋಡಿರಲಾರರು. ನನಗೆ ಪಂದ್ಯದ ಮುಂಚೆ ಹರಕೆ ಹೊರುವವರಿಗಿಂತ ಹೀಗೆ ಪಂದ್ಯವನ್ನೇ ಬಿಟ್ಟುಕೊಟ್ಟೂ ತಂಡವನ್ನು ಬಿಡದವರು ಹೆಚ್ಚು ಅರ್ಥವಾಗದವರು, ಹೆಚ್ಚು ಇಷ್ಟವಾಗುವವರು.

ಲೆಕ್ಕ ಕೇಳುವವನು:

ಎಲ್ಲರೂ ಹುಟ್ಟಿನ ಕಥೆ ಹೇಳುತ್ತಿದ್ದೀರಿ. ಎದೆಯ ಮೇಲಿನ ಬರಹದ ಕಥೆಯನ್ನು ಯಾರೂ ಹೇಳುತ್ತಿಲ್ಲ. ಬಿಯರ್ ವ್ಯಾಪಾರಿಯ ಹಂಗು ಬೇಡವೆಂದು ಹೊರಟ ಮೆಥಡಿಸ್ಟರ ತಂಡ 2004ರಿಂದ 2017ರವರೆಗೆ ಥಾಯ್ಲೆಂಡಿನ ಬಿಯರಿನ ಹೆಸರನ್ನು ಎದೆಯ ಮೇಲೆ ಹೊತ್ತು ಆಡಿತು. ಆಮೇಲೆ ಬಾಜಿ ಕಂಪನಿ ಬಂತು. 2022ರಲ್ಲಿ ಮತ್ತೆ ಜೂಜಿನ ಕಂಪನಿ ಬಂತು. 2026ರಿಂದ ಪ್ರೀಮಿಯರ್ ಲೀಗಿನ ತಂಡಗಳು ಅಂಗಿಯ ಮುಂಭಾಗದಲ್ಲಿ ಜೂಜಿನ ಹೆಸರನ್ನು ಹಾಕುವುದಿಲ್ಲ ಎಂದು ಒಪ್ಪಿಕೊಂಡಿವೆ, ಅಷ್ಟೇ ಸಮಾಧಾನ. ಜೂಜನ್ನು ಪಾಪವೆಂದು ಬೋಧಿಸುವ ಸಭೆಯಲ್ಲಿ ಬೆಳೆದ ದಂಡೆಯವರು ಆ ಅಂಗಿ ತೊಟ್ಟು ಆರಾಧನೆಗೆ ಹೋಗಬಲ್ಲರೇ? ಪ್ರಾರ್ಥನೆಯ ಸರಿತಪ್ಪಿಗಿಂತ ಇದು ಸುಲಭವಾಗಿ ಉತ್ತರಿಸಬಹುದಾದ ಪ್ರಶ್ನೆ.

ಮೈಸೂರಿನ ಗೃಹಿಣಿ:

ನಾನು ಆಟ ನೋಡುವವಳಲ್ಲ, ನೋಡುವವರೊಂದಿಗೆ ಹದಿನಾರು ವರ್ಷ ಬಾಳಿದವಳು. ನಮ್ಮ ಮನೆಯವರ ತಂಡ ಸೋತ ಮರುದಿನ ಮಕ್ಕಳು ಶಾಲೆಯ ಅಂಕಪಟ್ಟಿಯನ್ನು ಅಪ್ಪನಿಗೆ ತೋರಿಸುವುದಿಲ್ಲ. ಸಹಿ ಹಾಕಿಸಲು ಬುಧವಾರದವರೆಗೆ ಕಾಯುತ್ತಾರೆ. ರಾತ್ರಿ ಒಂದೂವರೆಗೆ ಮುಗಿದ ಆಟದಿಂದಾಗಿ ಭಾನುವಾರದ ಬಲಿಪೂಜೆಯಲ್ಲಿ ಶುಭಸಂದೇಶ ಓದುವಾಗ ಎಲ್ಲರೂ ನಿಂತರೆ ಇವರು ನಿಂತೇ ತೂಗಾಡುತ್ತಾರೆ. ಬೆಂದೂರಿನವರು ಬರೆದದ್ದನ್ನು ಓದಿ ಕಣ್ಣು ತುಂಬಿತು, ನಿಜ. ಆದರೆ ದೊಡ್ಡ ದುಃಖದಲ್ಲಿ ಎದುರಾಳಿಯನ್ನು ಅಪ್ಪಿಕೊಳ್ಳುವ ಗಂಡಸರು ಸಣ್ಣ ಸೋಲಿನ ಮರುದಿನ ಮನೆಯವರ ಮುಖ ನೋಡಿ ಮಾತಾಡುವುದಿಲ್ಲವಲ್ಲ, ಅದಕ್ಕೆ ಸಭಾಪಾಲಕರ ಬಳಿ ಯಾವ ಪ್ರವಾದಿ ಇದ್ದಾರೆ?

ವಿಗ್ರಹಾರಾಧನೆಯೋ ಅಲ್ಲವೋ ಎಂಬ ದೊಡ್ಡ ಚರ್ಚೆ ನನಗೆ ಬೇಡ. ಸೋತ ರಾತ್ರಿ ಊಟದ ತಟ್ಟೆಯ ಮುಂದೆ ಕೂತು ಹೆಂಡತಿ ಮಕ್ಕಳೊಂದಿಗೆ ಎರಡು ಮಾತಾಡುವವರು ಏನು ಬೇಕಾದರೂ ಪ್ರಾರ್ಥಿಸಿಕೊಳ್ಳಲಿ.

ಧಾರವಾಡದ ಸಭಾಪಾಲಕ:

ಅಮ್ಮಾ, ಆ ಪ್ರವಾದಿಯೂ ಯೋನನೇ. ತನಗೆ ನೆರಳು ಕೊಟ್ಟ ಸೋರೆಬಳ್ಳಿ ಒಣಗಿತೆಂದು ಸಾಯುವ ಮಾತಾಡಿದವನು ಅವನೇ.

ಮರ್ಸಿ ದಂಡೆಯವನು:

ಎಲ್ಲರಿಗೂ ಒಟ್ಟಾಗಿ ಉತ್ತರಿಸುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಲೆಕ್ಕ ಕೇಳಿದವರಿಗೆ ಮೊದಲು. ಆ ಅಂಗಿಯನ್ನು ನಾನು ಕೊಂಡಿಲ್ಲ. ನನ್ನ ಬಳಿ ಇರುವುದು ನೆರೆಯ ಮುದುಕರು ಕೊಟ್ಟ ಹಳೆಯ ಉಣ್ಣೆಯ ಶಾಲು, ಅದರ ಮೇಲೆ ಯಾವ ಕಂಪನಿಯ ಹೆಸರೂ ಇಲ್ಲ. ಆದರೆ ಇದನ್ನು ಪುಣ್ಯದ ಲೆಕ್ಕಕ್ಕೆ ಬರೆಸಲಾರೆ, ಏಕೆಂದರೆ ಟಿಕೆಟ್ಟಿಗೆ ಕೊಡುವ ನನ್ನ ಹಣವೂ ಅದೇ ಪೆಟ್ಟಿಗೆಗೆ ಹೋಗುತ್ತದೆ. ನಿಮ್ಮ ಪ್ರಶ್ನೆ ನನ್ನನ್ನು ಚುಚ್ಚಿದೆ, ಚುಚ್ಚಿಕೊಂಡೇ ಇರಲಿ.

ಅದೇ ತಂಡದ ಬಾಗಿಲಲ್ಲಿ ಇನ್ನೊಂದು ಸಂಗತಿಯೂ ಇದೆ. 2015ರಲ್ಲಿ ಎವರ್ಟನ್ ಮತ್ತು ಲಿವರ್‌ಪೂಲಿನ ಅಭಿಮಾನಿಗಳು ಸೇರಿ, ಪಂದ್ಯದ ದಿನ ಎರಡೂ ಮೈದಾನಗಳ ಹೊರಗೆ ಬಡವರಿಗಾಗಿ ಆಹಾರ ಕೂಡಿಸುವ ಕೆಲಸ ಆರಂಭಿಸಿದರು. ಹಸಿವಿಗೆ ತಂಡದ ಬಣ್ಣವಿಲ್ಲ ಎಂಬುದು ಅವರ ಘೋಷಣೆಯ ಅರ್ಥ. ನಾನು ಮೊದಲ ಬಾರಿ ಎರಡು ಬೇಳೆಯ ಡಬ್ಬಿ ಹಾಕಿದಾಗ ಪೆಟ್ಟಿಗೆಯ ಹಿಂದೆ ನಿಂತು ಅದನ್ನು ಎತ್ತಿಕೊಂಡವನು ಕೆಂಪು ಟೋಪಿಯವನು. ನಮ್ಮೂರಿನಲ್ಲಿ ಸುಗ್ಗಿಯ ಕಾಣಿಕೆಗೆ ಕುಂಬಳಕಾಯಿ, ತೆಂಗಿನಕಾಯಿ ಹೊತ್ತು ಆರಾಧನೆಗೆ ಹೋಗುತ್ತಿದ್ದದ್ದು ಅಂದು ನೆನಪಾಯಿತು. ಬ್ರದರ್ ವಾಲ್‌ಫ್ರಿಡ್ ಕಂಡಿದ್ದರೆ ತಮ್ಮ ಕೆಲಸ ಇನ್ನೂ ನಡೆದಿದೆ ಎಂದುಕೊಳ್ಳುತ್ತಿದ್ದರೇನೋ.

ಯೋನನ ಮಾತಿಗೆ ಬರುತ್ತೇನೆ. ಅಂದು ಬುಧವಾರ ಓದಿದ್ದು ಫರಿಸಾಯನ ಸಾಮ್ಯವೆಂದು ಬರೆದಿದ್ದೆನಲ್ಲ. ಬರೆಯುವಾಗ ಅದು ಕಾಕತಾಳೀಯವೆಂದೇ ಎಣಿಸಿದ್ದೆ. ಈಗ ನೋಡಿದರೆ ನನ್ನೊಳಗಿನ ಅಭಿಮಾನಿ ದಿನವೂ ಹೇಳುವ ಪ್ರಾರ್ಥನೆ ಅದೇ: ದೇವರೇ, ನಾನು ಪಾರ್ಕಿನ ಆಚೆಯವರಂತೆ ಅಲ್ಲದ್ದಕ್ಕೆ ನಿನಗೆ ಸ್ತೋತ್ರ. ಅವರು ಕಪ್ಪುಗಳನ್ನು ಎಣಿಸುವವರು, ನಾನು ಸೋಲನ್ನು ತಾಳಿಕೊಳ್ಳುವವನು. ಸೋಲುವ ತಂಡದ ಅಭಿಮಾನಿಗೆ ಇರುವ ವಿಶೇಷ ಅಹಂಕಾರವಿದು. ಎವರ್ಟನ್ ಲೀಗ್ ಗೆದ್ದದ್ದು 1987ರಲ್ಲಿ, ದೊಡ್ಡ ಕಪ್ ಗೆದ್ದದ್ದು 1995ರಲ್ಲಿ. ಆಮೇಲಿನ ನಮ್ಮ ಬಡತನವನ್ನೇ ನಾವು ಪದಕವಾಗಿ ತೊಟ್ಟಿದ್ದೇವೆ. 2023ರ ನವೆಂಬರಿನಲ್ಲಿ ಹಣಕಾಸಿನ ನಿಯಮ ಮೀರಿದ್ದಕ್ಕೆ ನಮ್ಮ 10 ಅಂಕ ಕಡಿದರು, ಮೇಲ್ಮನವಿಯಲ್ಲಿ ಅದು 6ಕ್ಕೆ ಇಳಿಯಿತು, ಆಮೇಲೆ ಮತ್ತೆ 2 ಹೋದವು. ಆ ಚಳಿಗಾಲ ನಾನು ತಪ್ಪಿಲ್ಲದೆ ನರಳಿದ ಯೋಬನ ಪುಸ್ತಕ ಓದಿದೆ, ನಮ್ಮ ಕ್ಲಬ್ಬು ನಿರಪರಾಧಿಯೆಂಬಂತೆ. ಯೋಬನು ಖರ್ಚಿನ ಲೆಕ್ಕ ತಪ್ಪಿದವನಲ್ಲ ಎಂದು ನೆನಪಿಸಿದವಳು ನನ್ನ ಹೆಂಡತಿ.

ಪ್ರವಾದಿ ಹಬಕ್ಕೂಕನ ಕೊನೆಯ ವಚನಗಳು ನನಗೆ ಹೆಚ್ಚು ಹತ್ತಿರ. ಅಂಜೂರ ಚಿಗುರದಿದ್ದರೂ, ದ್ರಾಕ್ಷಿಯಲ್ಲಿ ಹಣ್ಣಿಲ್ಲದಿದ್ದರೂ, ಕೊಟ್ಟಿಗೆಯಲ್ಲಿ ದನವಿಲ್ಲದಿದ್ದರೂ ಅವನು ಯೆಹೋವನಲ್ಲಿ ಸಂತೋಷಪಡುತ್ತೇನೆ ಎನ್ನುತ್ತಾನೆ. ಮೊದಲು ಇದನ್ನು ಅಭಿಮಾನಿಯ ನಿಷ್ಠೆಯಂತೆಯೇ ಓದುತ್ತಿದ್ದೆ. ಎರಡೂ ಒಂದೇ ಅಲ್ಲ. ಅಭಿಮಾನಿಯು ಹಣ್ಣಿಲ್ಲದ ವರ್ಷದಲ್ಲಿ ಸಂತೋಷಪಡುವುದಿಲ್ಲ, ಮುಂದಿನ ವರ್ಷಕ್ಕೆ ಕಾಯುತ್ತಾನೆ. ಹಬಕ್ಕೂಕ ಮುಂದಿನ ಬೆಳೆಯ ಮಾತೇ ಎತ್ತುವುದಿಲ್ಲ. ನನ್ನ ಅಡುಗೆಮನೆಯ ಹರಕೆಗೂ ನನ್ನ ಉಳಿದ ಪ್ರಾರ್ಥನೆಗಳಿಗೂ ಗುಟ್ಟಿನ ನಂಟಿರುವುದು ಇಲ್ಲಿ. ಕೆಲಸದ ವೀಸಾ, ಮಗಳ ಪರೀಕ್ಷೆ, ಅಮ್ಮನ ಮಂಡಿನೋವು, ಯಾವುದಕ್ಕೆ ಮೊರೆಯಿಟ್ಟರೂ ನನ್ನ ಧ್ವನಿ 0–2 ಹಿಂದಿರುವವನ ಧ್ವನಿಯೇ: ಇದನ್ನು ಕೊಡು, ಅದನ್ನು ಕೊಡುತ್ತೇನೆ. ಎವರ್ಟನ್ ನನ್ನ ನಂಬಿಕೆಯನ್ನು ಕೆಡಿಸಲಿಲ್ಲ, ಅದರೊಳಗೆ ಮೊದಲೇ ಇದ್ದ ಚೌಕಾಸಿಯನ್ನು ಹೊರಗೆಳೆದು ತೋರಿಸಿತು. ಉಳಿದ ಮೊರೆಗಳಲ್ಲಿ ಅದು ಗೌರವದ ಬಟ್ಟೆ ತೊಟ್ಟಿರುತ್ತಿತ್ತು.

2025ರ ಮೇ 18ರಂದು ಪುರುಷರ ತಂಡ ಗುಡಿಸನ್ನಿನಲ್ಲಿ ಕೊನೆಯ ಪಂದ್ಯ ಆಡಿತು, ಸೌತಾಂಪ್ಟನ್ ವಿರುದ್ಧ. ಆ ತಂಡವೂ ಹುಟ್ಟಿದ್ದು 1885ರಲ್ಲಿ ಸೇಂಟ್ ಮೇರೀಸ್ ದೇವಾಲಯದ ಯುವಕರಿಂದ. ಆಟ ಆರಂಭವಾದದ್ದು ಭಾನುವಾರ ನಡುಹಗಲು 12ಕ್ಕೆ. ಕೊನೆಯ ದಿನ ಆ ಹಳೆಯ ಮರ್ಯಾದೆಯನ್ನೂ ಟಿವಿಯವರ ಗಡಿಯಾರ ನುಂಗಿತು. ನಾನು ಬೆಳಗಿನ ಆರಾಧನೆಯ ಆಶೀರ್ವಾದಕ್ಕೂ ನಿಲ್ಲದೆ ಓಡಿದೆ ಎಂಬುದನ್ನೂ ಹೇಳಿಬಿಡುತ್ತೇನೆ. 2–0 ಗೆದ್ದೆವು, ಎರಡೂ ಗೋಲು ಎನ್‌ಡಿಯಾಯೆ ಹೊಡೆದದ್ದು. ಆಟ ಮುಗಿದ ಮೇಲೆ ನೆರೆಯ ಮುದುಕರು ತಂದೆಯ ಬೂದಿ ಇರುವ ಬದಿಯತ್ತ ನೋಡುತ್ತ ಬಹಳ ಹೊತ್ತು ಕೂತರು. ಮೈದಾನವನ್ನು ಕೆಡವುವುದಿಲ್ಲ, ಇನ್ನು ಎವರ್ಟನ್ನಿನ ಮಹಿಳೆಯರ ತಂಡ ಅಲ್ಲಿ ಆಡುತ್ತದೆ ಎಂಬ ಸುದ್ದಿ ಕೆಲವೇ ದಿನ ಮುಂಚೆ ಬಂದಿತ್ತು. "ಅಪ್ಪನಿಗೆ ಇನ್ನೂ ಆಟ ನೋಡಲು ಸಿಗುತ್ತದೆ" ಎಂದರು. ಅವರು ಎಂದೂ ದೇವಾಲಯಕ್ಕೆ ಹೋಗುವವರಲ್ಲ. ಆ ಹೊತ್ತಿನಲ್ಲಿ ನಾನು ಅವರ ಪಕ್ಕದಲ್ಲಿ ಏನನ್ನೂ ಕೇಳದೆ ಕೂತಿದ್ದೆ. ಪ್ರಾರ್ಥನೆ ಎಂದು ಕರೆಯಬಹುದಾದರೆ ಅದೊಂದನ್ನು ಕರೆಯುತ್ತೇನೆ.

ಮೈಸೂರಿನ ಅಮ್ಮನವರಿಗೆ ಉತ್ತರವಿಲ್ಲ. ನಿಮ್ಮ ಬರಹವನ್ನು ನನ್ನ ಹೆಂಡತಿ ಓದಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ.

ಆಸ್ಟಿನ್ ಟೌನಿನ ಹುಡುಗ:

ಅಣ್ಣಾ, ಹೊಸ ಮೈದಾನ ಬಂದರಿನ ಹತ್ತಿರವಂತೆ, 52 ಸಾವಿರ ಜನ ಹಿಡಿಯುತ್ತದಂತೆ. ಮೊದಲ ಲೀಗ್ ಪಂದ್ಯ 2025ರ ಆಗಸ್ಟ್ 24, ಬ್ರೈಟನ್ ವಿರುದ್ಧ ಎಂದು ಪಟ್ಟಿಯಲ್ಲಿ ನೋಡಿದೆ. ಅದು ಭಾನುವಾರ.

ಮರ್ಸಿ ದಂಡೆಯವನು:

ಮಧ್ಯಾಹ್ನ 2 ಗಂಟೆಗೆ. ನಮ್ಮ ಕನ್ನಡ ಆರಾಧನೆ ತಿಂಗಳ ನಾಲ್ಕನೆಯ ಭಾನುವಾರ 3 ಗಂಟೆಗೆ, ಅಂದು ವೇದಪಾಠ ಓದುವ ಸರದಿ ನನ್ನದು. ಟಿಕೆಟ್ಟು ಕೈಯಲ್ಲಿದೆ. ಸರದಿ ಬದಲಿಸಿಕೊಳ್ಳಬಲ್ಲವರು ಯಾರಾದರೂ ಮರ್ಸಿಯ ಆಸುಪಾಸಿನಲ್ಲಿದ್ದೀರಾ?

ಬೆಂದೂರಿನ ಕೆಂಪಂಗಿ:

ನನ್ನ ತಂಗಿ ಬರ್ಕನ್‌ಹೆಡ್ಡಿನಲ್ಲಿದ್ದಾಳೆ, ಕನ್ನಡ ಚೆನ್ನಾಗಿ ಓದುತ್ತಾಳೆ, ಕಥೋಲಿಕಳಾದರೂ ನಿಮ್ಮವರು ಅಡ್ಡಿ ಹೇಳಲಾರರು. ಒಂದೇ ಷರತ್ತು, ಅವಳೂ ಕೆಂಪಿನವಳು.